ನಿಮ್ಮ ಕೆಲಸ ಸಾಕಷ್ಟು ಕಷ್ಟವಾಗಿದೆಯೇ?

ಅಮೆರಿಕದ ಎಚ್-1ಬಿ ವೀಸಾಕ್ಕೆ ನೀವು ಜಾಣರಾಗಿದ್ದರೆ ಸಾಲದು, ನಿಮ್ಮ ಕೆಲಸವೂ ಜಾಣ ಕೆಲಸ ಆಗಿರಬೇಕು. ಅದಕ್ಕೆ ‘ಸ್ಪೆಷಾಲಿಟಿ ಆಕ್ಯುಪೇಷನ್’ ಅಂತ ಹೆಸರು. ಇಂಥದ್ದೇ ವಿಷಯದಲ್ಲಿ ಕಡೇಪಕ್ಷ ಬ್ಯಾಚುಲರ್ ಡಿಗ್ರಿ ಮಾಡದವರಿಂದ ಈ ಕೆಲಸ ಆಗುವುದಿಲ್ಲ ಅಂತ ಕಂಪನಿ ವಲಸೆ ಇಲಾಖೆಯನ್ನು ಒಪ್ಪಿಸಬೇಕು. ಕೋಟಾದಲ್ಲಿ ವರ್ಷಕ್ಕೆ ಇರುವುದು 85 ಸಾವಿರ ವೀಸಾ, ಹಾಗಾಗಿ ಮೊದಲು ಲಾಟರಿ. ಅದೃಷ್ಟ ಇದೆ ಅಂತ ಖಾತ್ರಿಯಾದ ಮೇಲೆ ಅರ್ಹತೆಯ ವಿಚಾರಣೆ.

ಒಪ್ಪಿಸುವ ಪತ್ರ ಬರೆಯುವವರು ವಕೀಲರು. ನಮ್ಮ ಹಾಸನದ ಹುಡುಗ ದಿನವಿಡೀ ಮಾಡುವುದು ಇಷ್ಟೇ: ನಿನ್ನೆ ಯಾರೋ ಕೆಡಿಸಿಟ್ಟ ಕೋಡ್ ಸರಿಮಾಡುವುದು, ಮೀಟಿಂಗಿನಲ್ಲಿ ಮ್ಯೂಟ್ ಹಾಕಿಕೊಂಡು ಕೂರುವುದು. ಇದನ್ನೇ ವಕೀಲರು ಉಬ್ಬಿಸಿ ಬರೆದ ಪತ್ರ ಓದಿದರೆ ಅವನ ಅಮ್ಮನಿಗೇ ಮಗನ ಗುರುತು ಸಿಗುವುದಿಲ್ಲ. ಯಾವ ಕೆಲಸಕ್ಕೆ ಶೇಕಡಾ ಎಷ್ಟು ಸಮಯ ಅಂತ ಲೆಕ್ಕ ಬೇರೆ ಕೊಡಬೇಕು. ಎಲ್ಲಾ ಸೇರಿ ಸರಿಯಾಗಿ ನೂರು ಆಗಬೇಕು. ಕಾಫಿಗೆ ಜಾಗವಿಲ್ಲ.

ಇದೇ ಕಂಪನಿ ಕಾರ್ಮಿಕ ಇಲಾಖೆಗೂ ಒಂದು ಅರ್ಜಿ ಹಾಕುತ್ತದೆ. ಅಲ್ಲಿ ಸಂಬಳಕ್ಕೆ 4 ಹಂತಗಳಿವೆ. 1ನೇ ಹಂತ ಅಂದರೆ ಈಗಷ್ಟೇ ಸೇರಿದವನು, ಮೇಲಿನವರು ಹೇಳಿದಷ್ಟು ಮಾಡುವವನು. ಸಂಬಳ ಕಡಿಮೆ ಅಲ್ವಾ, ಕಂಪನಿಗೆ ಈ ಹಂತ ಕಂಡರೆ ಪ್ರೀತಿ. ಹಾಗಾಗಿ ಹುಡುಗ ಒಂದು ಇಲಾಖೆಯ ಕಡತದಲ್ಲಿ ಮೇಧಾವಿ, ಇನ್ನೊಂದರಲ್ಲಿ ಎಳೆಯ ಕೂಸು. 2017ರ ಹೊತ್ತಿಗೆ ಅಧಿಕಾರಿಗಳು ಎರಡೂ ಕಾಗದ ಪಕ್ಕಪಕ್ಕ ಇಟ್ಟು ಪ್ರಶ್ನೆ ಕೇಳತೊಡಗಿದರು. ಬೈಸಿಕೊಂಡದ್ದು ಕಂಪನಿ, ನಿದ್ದೆಗೆಟ್ಟಿದ್ದು ಹುಡುಗ.

ಕೆಲಸದ ತೂಕ ನೋಡಲು ಅಧಿಕಾರಿಗಳು ತೆಗೆಯುವುದು ಕಾರ್ಮಿಕ ಇಲಾಖೆಯ ಒಂದು ಕೈಪಿಡಿ. ಮುಂದೆ ಏನಾಗಲಿ ಅಂತ ಯೋಚಿಸುವ ಹುಡುಗರಿಗಾಗಿ ಬರೆದ ಪುಸ್ತಕ ಅದು. ಪ್ರೋಗ್ರಾಮರ್‌ಗಳಲ್ಲಿ ಬಹುಪಾಲು ಜನರಿಗೆ ಬ್ಯಾಚುಲರ್ ಡಿಗ್ರಿ ಇರುತ್ತದೆ, ಕೆಲವು ಕಂಪನಿಗಳು 2 ವರ್ಷದ ಡಿಗ್ರಿಯವರನ್ನೂ ತೆಗೆದುಕೊಳ್ಳುತ್ತವೆ ಅಂತ ಅದರಲ್ಲಿತ್ತು. ವಲಸೆ ಇಲಾಖೆ 2017ರಲ್ಲಿ ಒಂದು ಸುತ್ತೋಲೆ ಹೊರಡಿಸಿ ಆ ‘ಕೆಲವು’ ಕಂಪನಿಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ಜಗಳ ಕೋರ್ಟಿಗೆ ಹೋಯಿತು. 2020ರ ಡಿಸೆಂಬರಿನಲ್ಲಿ 9ನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಇಲಾಖೆಯ ವಾದಕ್ಕೆ ತಲೆಬುಡ ಇಲ್ಲ ಅಂದಿತು. 2021ರ ಫೆಬ್ರವರಿಯಲ್ಲಿ ಇಲಾಖೆ ಆ ಸುತ್ತೋಲೆಯನ್ನು ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಎಷ್ಟೋ ಜನ ಪೆಟ್ಟಿಗೆ ಕಟ್ಟಿ ಆಗಿತ್ತು.

ಕೆಲಸ ಕಷ್ಟದ್ದು ಅಂತ ಒಪ್ಪಿದರೂ ಮುಗಿಯಲಿಲ್ಲ. ಡಿಗ್ರಿಗೂ ಕೆಲಸಕ್ಕೂ ಜಾತಕ ಕೂಡಬೇಕು. ಕರ್ನಾಟಕದಲ್ಲಿ ಮೆಕ್ಯಾನಿಕಲ್ ಓದಿ, ಸಿವಿಲ್ ಓದಿ ಸಾಫ್ಟ್‌ವೇರಿಗೆ ಬಂದವರು ಬೀದಿಗೊಬ್ಬರಿದ್ದಾರೆ. ಬೆಂಗಳೂರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಮಾತ್ರ ಬಾಯ್ಲರಿಗೂ ಡೇಟಾಬೇಸಿಗೂ ಏನು ಸಂಬಂಧ ಅಂತ ಪ್ರೊಫೆಸರ್ ಒಬ್ಬರಿಂದ ದುಡ್ಡು ಕೊಟ್ಟು ಬರೆಸಿ ತರಬೇಕು. ಮೂರು ವರ್ಷದ ಬಿಎಸ್ಸಿ ಆದರಂತೂ ಇನ್ನೂ ಚೆನ್ನ. ಕಡಿಮೆ ಬಿದ್ದ ಆ ಒಂದು ವರ್ಷಕ್ಕೆ ಮೂರು ವರ್ಷದ ಅನುಭವ ತುಂಬಿಸಬಹುದು. ಅಂದರೆ ಕಾಲೇಜಿನ ಒಂದು ವರ್ಷಕ್ಕೆ ಬದುಕಿನ ಮೂರು ವರ್ಷ ಸಮ. ಕ್ಲಾಸಿಗೆ ಚಕ್ಕರ್ ಹೊಡೆದವರು ಈ ದರ ಕೇಳಿ ಹಿಗ್ಗಬಹುದು.

ಇದೇ ಎಚ್-1ಬಿ ವೀಸಾ ಫ್ಯಾಷನ್ ಮಾಡೆಲ್‌ಗಳಿಗೂ ಸಿಗುತ್ತದೆ. ತಮಾಷೆಯಲ್ಲ, ಕಾನೂನಿನಲ್ಲೇ ಇದೆ. ಅವರಿಗೆ ಡಿಗ್ರಿ ಬೇಡ, ಹೆಸರು ಮಾಡಿದ್ದರೆ ಸಾಕು. ಬಾಯ್ಲರ್ ಹುಡುಗ ಸ್ವಲ್ಪ ಎತ್ತರ ಬೆಳೆದು, ನೆಟ್ಟಗೆ ನಡೆಯುವುದು ಕಲಿತಿದ್ದರೆ ಪ್ರೊಫೆಸರ್ ಖರ್ಚಾದರೂ ಉಳಿಯುತ್ತಿತ್ತು.

ಇನ್ನು ಇದನ್ನೆಲ್ಲ ಓದಿ ತೀರ್ಪು ಕೊಡುವ ವಲಸೆ ಅಧಿಕಾರಿ. ಆ ಹುದ್ದೆಗೆ ಸೇರಲು ಇಂಥದ್ದೇ ವಿಷಯದ ಡಿಗ್ರಿ ಬೇಕು ಅಂತೇನಿಲ್ಲ. ಯಾವ ವಿಷಯವಾದರೂ ನಡೆಯುತ್ತದೆ, ಡಿಗ್ರಿಯ ಬದಲು ಕೆಲಸದ ಅನುಭವವೂ ಆಗುತ್ತದೆ. ಅವರದೇ ಹುದ್ದೆಗೆ ಯಾರಾದರೂ ಎಚ್-1ಬಿ ಅರ್ಜಿ ಹಾಕಿದರೆ, ಅವರೇ ಅದನ್ನು ತಿರಸ್ಕರಿಸಬೇಕಾಗುತ್ತದೆ.