ಸಂಜೆಗೆಲ್ಲ ಸುಕ್ಕು ಮಾಯ ಆಗಲ್ಲ

ಊಟದ ಬಿಡುವಲ್ಲಿ ಹೋಗಿ ಬೊಟಾಕ್ಸ್ (ಮುಖದ ಸುಕ್ಕು ಕಡಿಮೆ ಮಾಡೋ ಚುಚ್ಚುಮದ್ದು) ಮಾಡಿಸಿಕೊಂಡರೆ ಸಂಜೆ ಫಂಕ್ಷನ್‌ಗೆ ಮುಖ ರೆಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದು ತಪ್ಪು. ಚುಚ್ಚೋದಕ್ಕೆ ಹತ್ತು ನಿಮಿಷ ಸಾಕು, ನಿಜ. ಆದರೆ ಸ್ನಾಯು ಸಡಿಲ ಆಗೋಕೆ ಶುರುವಾಗೋದೇ 3-4 ದಿನದ ಮೇಲೆ, ಪೂರ್ತಿ ಫಲ ಕಾಣೋಕೆ ಸುಮಾರು 2 ವಾರ ಬೇಕು. ನಮ್ಮಕ್ಕ ಮಗಳ ಮದುವೆಗೆ ಎರಡು ದಿನ ಇದೆ ಅನ್ನುವಾಗ ಮಾಡಿಸಿಕೊಂಡಳು, ಧಾರೆ ಫೋಟೋದಲ್ಲಿ ಹುಬ್ಬಿನ ನಡುವಿನ ಗೆರೆ ಹಾಗೇ ಇದೆ, ಸೂಜಿ ಚುಚ್ಚಿದ ಕಡೆ ನೀಲಿ ಕಲೆ ಬೇರೆ, ಬೀಗರು ಎಲ್ಲಾದ್ರೂ ಬಿದ್ರಾ ಅಂತ ಕೇಳಿದರು!

ಬೊಟಾಕ್ಸ್, ಫಿಲ್ಲರ್ ಎರಡನ್ನೂ ಒಂದೇ ಅನ್ನೋ ಹಾಗೆ ಬರೆದಿರೋದೂ ಸರಿಯಿಲ್ಲ. ಬೊಟಾಕ್ಸ್ ಸ್ನಾಯು ಸಡಿಲಿಸುತ್ತೆ, ಫಿಲ್ಲರ್ ತಗ್ಗು ತುಂಬುತ್ತೆ. ಹೈಯಲುರಾನಿಕ್ ಆಸಿಡ್ ಅನ್ನೋ ಜೆಲ್‌ನ ಫಿಲ್ಲರ್ ಕೆಟ್ಟರೆ ಹೈಯಲುರಾನಿಡೇಸ್ ಅನ್ನೋ ಔಷಧಿ ಚುಚ್ಚಿ ಕರಗಿಸಬಹುದು. ಬೊಟಾಕ್ಸ್‌ಗೆ ಆ ದಾರಿ ಇಲ್ಲ, ರೆಪ್ಪೆ ಜೋತುಬಿದ್ದರೆ ಅದರ ಪ್ರಭಾವ ಇಳಿಯೋ ತನಕ ವಾರಗಟ್ಟಲೆ ಕಾಯಬೇಕು. ಚೆನ್ನಾಗಿ ಆದರೂ ಸಾಮಾನ್ಯವಾಗಿ 3-4 ತಿಂಗಳಷ್ಟೇ. ಪಾರ್ಲರ್‌ನಲ್ಲಿ ಆಫರ್ ಇದೆ ಅಂತ ಸುಮ್ನೆ ಹೋಗಿ ಕೂರಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ, ಔಷಧಿ ಬಾಟಲಿ ತೋರಿಸಿ ಅನ್ನಿ, ಎಷ್ಟು ಯೂನಿಟ್ ಹಾಕಿದರು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಹೀಗೆ ಕೇಳಿದ್ದಕ್ಕೆ ಮುಖ ಸಿಂಡರಿಸುವ ಡಾಕ್ಟರಾದರೆ ಬೇರೆಯವರನ್ನು ಹುಡುಕಿ.