ಹೊಲಿಗಿ ಮಿಷಿನ್ನಿಗಿ ಕೈ ಹಚ್ಚಂಗಿಲ್ಲ ಅಂತ ಒಬ್ಬರರೆ ಹೇಳಬಾರ್ದಿತ್ತಾ?

ಹೊಲಿಗಿ ಮಿಷಿನ್ ಜಪ್ತಿ ಮಾಡಂಗಿಲ್ರಿ. ಮಾಡಂಗಿಲ್ಲ. ಇವತ್ತು ಮುಂಜಾನಿ ಹನ್ನೊಂದಕ್ಕ ಸಾವಕಾರನ ಸಾಲಕ್ಕ ದರ್ಜಿ ಅಕ್ಕನ ಮಿಷಿನ್ ಎತ್ತುವಾಗ ಆ ಓಣ್ಯಾಗ ಒಬ್ಬರರೆ ಇಷ್ಟು ಬಾಯಿ ಬಿಟ್ಟು ಅಂದಿದ್ರ ಸಾಕಾಗ್ತಿತ್ತು. ಮಿಷಿನ್ ಆಟೋ ಏರಿ ಹೋಯ್ತು, ಮಂದಿ ಮನಿಗಿ ಹೋದ್ರು. ಈಗ ರಾತ್ರಿ ಹತ್ತಕ್ಕ ಎಲ್ಲರಿಗೂ ಕಾನೂನು ನೆಪ್ಪಾಗ್ಲತ್ತದ.

ಅಮೀನ, ಅಂದ್ರ ಕೋರ್ಟಿನಿಂದ ಜಪ್ತಿಗಿ ಬಂದ ನೌಕರ, ಬಾಗಿಲಾಗ ನಿಂತು ಆಕಿ ಹೆಸರು ಓದಿದ. ಅವಂದು ನೌಕರಿ, ವಾರಂಟ್ ಕೈಯಾಗಿತ್ತು, ಅವನ ಮ್ಯಾಲ ನನ್ನ ಸಿಟ್ಟಿಲ್ಲ. (ಅದ. ಪಟ್ಟಿ ಬರೀಲಾರ್ದೆ ಸಾಮಾನ ಎತ್ತಿದ್ನಲ್ಲ, ಅದಕ್ಕ ಅದ.) ಸಿಟ್ಟು ಸಾವಕಾರನ ಆ ಮುನೀಮನ ಮ್ಯಾಲ. ಆಕಿ ಕುಬಸ ಹೊಲೀಲತ್ತಿದ್ಲು, ಒಂದು ತೋಳು ಹಚ್ಚಿದ್ದು, ಇನ್ನೊಂದು ಸೂಜಿ ಕೆಳಗ. ಅವ ಅದನ್ನ ದಾರಾ ಸಮೇತ ಜಗ್ಗಿ ನೆಲಕ್ಕ ಒಗದ. "ಅಕ್ಕಾ, ಕೊರಳಾಗಿಂದೂ ತಗಿ, ಲೆಕ್ಕಕ್ಕ ಹಿಡ್ಕೋತೀವಿ" ಅಂದ. ಅಕ್ಕಾ ಅಂತ! ಓಣಿ ಪೂರಾ ನಿಂತು ನೋಡ್ಲತ್ತದ. ಆಕಿ ಸೆರಗು ಎಳಕೊಂಡು ಕೊರಳು ಮುಚ್ಚಿಕೊಂಡ್ಲು. "ಕೊಡಲ್ಲಂದ್ರ ನಡಿ ಜೇಲಿಗಿ, ಜೀಪ್ ತರಸ್ಲೇನು?" ಅಂದ. ಮಗ ಶಾಲಿ ಚೀಲ ಹಾಕ್ಕೊಂಡೇ ಬಾಗಿಲ ಸಂದ್ಯಾಗ ನಿಂತಿದ್ದ. ಅವನ ಮುಂದ.

ಒಂದೊಂದೇ ಮಾತು ಹಿಡೀರಿ. ದಿವಾಣಿ ಸಂಹಿತೆಯ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 60 ಓದ್ರಿ. ಉಡೂ ಬಟ್ಟಿ, ಅಡಗಿ ಭಾಂಡಿ, ಹಾಸ್ಗಿ, ಧರ್ಮದ ರೀತಿ ಹೆಣ್ಮಗಳು ಮೈಮ್ಯಾಲಿಂದ ತಗೀಬಾರದ ಒಡವಿ, ಅಂದ್ರ ತಾಳಿ, ಇವ್ಯಾವೂ ಜಪ್ತಿಗಿ ಬರಲ್ಲ. ಕಸಬುದಾರರ ಹತ್ಯಾರ ಬರಲ್ಲ. ದರ್ಜಿಗಿ ಮಿಷಿನ್ನೇ ಹತ್ಯಾರ, ಮತ್ತೇನು? ರೈತಂದಾದ್ರ ನೇಗಿಲು, ಹೊಟ್ಟಿಪಾಡಿಗಿ ಬೇಕಾದ ಎತ್ತು, ಬಿತ್ತೂ ತೊಗರಿ ಬೀಜ ಮುಟ್ಟಂಗಿಲ್ಲ. ಕೂಲಿ ಮುಟ್ಟಂಗಿಲ್ಲ. ಸಂಬಳದಾಗ ಮೊದಲ 1000 ರೂಪಾಯಿ, ಉಳಿದದ್ದರ ಮೂರರಾಗ ಎರಡು ಪಾಲು ಬಿಡಬೇಕು. ಇನ್ನ ಜೇಲು? ಕಲಂ 56: ರೊಕ್ಕದ ಡಿಕ್ರಿಗಿ, ಅಂದ್ರ ರೊಕ್ಕ ಕಟ್ಟು ಅಂತ ಕೋರ್ಟ್ ಕೊಟ್ಟ ತೀರ್ಪಿಗಿ, ಹೆಣ್ಮಗಳನ್ನ ಹಿಡದು ಜೇಲಿಗಿ ಹಾಕಂಗೇ ಇಲ್ಲ. ಗಂಡಸಿಗಾದ್ರೂ ಮೊದಲ ನೋಟಿಸ್ ಕೊಡಬೇಕು, ತೀರಸೂ ತಾಕತ್ ಇದ್ದೂ ಬೇಕಂತೇ ತೀರಸವಲ್ಲ ಅಂತ ರುಜುವಾಗಬೇಕು. ಬಡತನ ಅಂತ ಜೇಲಿಗಿ ಹಾಕಬ್ಯಾಡ್ರಿ ಅಂತ ಸುಪ್ರೀಂ ಕೋರ್ಟ್ 1980ರಾಗೇ ಹೇಳ್ಯಾದ.

ಆದ್ರ ಮಾತು ಅಲ್ಲಿಗಿ ಮುಗೀಲಿಲ್ಲ. ಆಕಿದೂ ತಪ್ಪದ. ಬೈತೀರೇನು, ಬೈರಿ. 40,000 ಸಾಲ, ನೂರಕ್ಕ ಐದು ಬಡ್ಡಿ. ತಿಂಗಳಿಗಿ 2,000, ವರ್ಷದ ಲೆಕ್ಕದಾಗ ನೂರಕ್ಕ ಅರವತ್ತು. ಲೈಸನ್ಸ್ ಇದ್ದ ಲೇವಾದೇವಿದಾರನೂ ಆಧಾರ ಇಲ್ಲದ ಸಾಲಕ್ಕ ವರ್ಷಕ್ಕ 16ರ ಮ್ಯಾಲ ಹೋಗಂಗಿಲ್ಲ. 20 ತಿಂಗಳು ಕಟ್ಟಿದ್ಲು, ಅಂದ್ರ 40,000 ಮುಟ್ಟಿಸಿದ್ಲು. ಒಂದು ರಸೀದಿಲ್ಲ. ಖಾಲಿ ಪ್ರೋನೋಟಿನ (ಸಾಲ ತೀರಸ್ತೀನಿ ಅಂತ ಬರದುಕೊಡೂ ಪತ್ರ) ಮ್ಯಾಲ ಸಹಿ. ಅದರಾಗ 1,20,000 ತುಂಬಿದ್ರು. ಸಹಿ ನಂದೇ ಅಂತ ಒಪ್ಪಿದ ಮ್ಯಾಲ ರೊಕ್ಕ ಇಸ್ಕೊಂಡಾಳ ಅಂತೇ ಕೋರ್ಟ್ ಶುರು ಮಾಡ್ತದ, ಇಲ್ಲ ಅಂತ ತೋರಸೂದು ಆಕಿ ಪಾಲಿಂದು. ಫೋನ್‌ಪೇದಾಗ ಹಾಕಿದ್ದರ ಅದೇ ಸಾಕ್ಷಿ ಆಗ್ತಿತ್ತು. ಕೈಗಿ ಕೊಟ್ರ ಗಾಳಿಗಿ ಕೊಟ್ಟಂಗ.

ಮತ್ತ ಸಮನ್ಸ್, ಕೋರ್ಟಿಗಿ ಬಾ ಅಂತ ಕರಿಯೂ ಕಾಗದ! ಪೋಸ್ಟಿನವ ಬಂದಾಗ "ತಗೊಳ್ಳಲ್ಲ" ಅಂದ್ಲಂತ. ಹೆದರಿಕಿ. ತಗೊಳ್ಳದಿದ್ರ ಕೇಸೇ ಇಲ್ಲ ಅಂತ ನಮ್ಮ ಕಡಿ ಯಾರ ಕಲಿಸ್ಯಾರೋ! ನಿರಾಕರಿಸ್ಯಾರ ಅಂತ ಷರಾ ಬರದು ವಾಪಸ್ ಹೋದ್ರ ಮುಟ್ಟಿದಂಗೇ. ಅಮೀನ ಬಾಗಿಲಿಗಿ ಅಂಟಿಸಿದ್ರೂ ಮುಟ್ಟಿದಂಗೇ. ತಗೊಂಡಿದ್ರ ಜವಾಬು ಹಾಕ್ಲಿಕ್ಕಿ 30 ದಿನ, ಕಾರಣ ಕೊಟ್ರ 90ರ ತನಕ ಟೈಮ್ ಸಿಗ್ತಿತ್ತು. ಹೋಗಲಿಲ್ಲ, ಎಕ್ಸ್‌ಪಾರ್ಟಿ ಡಿಕ್ರಿ, ಅಂದ್ರ ಆಕಿ ಇಲ್ಲದೇ ತೀರ್ಪು, ಬಿತ್ತು. ರದ್ದು ಕೇಳ್ಲಿಕ್ಕಿ ಡಿಕ್ರಿ ಆದ ದಿನದಿಂದ 30 ದಿನ. ಸಮನ್ಸ್ ಖರೇನೇ ಮುಟ್ಟಿಲ್ಲಂದ್ರ ತಿಳಿದ ದಿನದಿಂದ 30. ಆಕಿ ಕೇಸಿನಾಗ "ನಿರಾಕರಿಸ್ಯಾರ" ಅಂತದ. ಮುಗೀತು ಬಿಡ್ರಿ.

ಇಲ್ಲ, ಮುಗದಿಲ್ಲ. ಮುಗೀತು ಅಂತ ಬರದ ಕೈಗಿ ಬೆಂಕಿ ಹಚ್ಲಿ. ಡಿಕ್ರಿ ನಿಂತ್ರೂ ಜಪ್ತಿಗಿ ತಕರಾರು ಹಾಕಬಹುದು, ಅಮಲ್ಜಾರಿ (ಡಿಕ್ರಿ ವಸೂಲಿ) ನಡಸೂ ಅದೇ ಕೋರ್ಟಿನಾಗ: ಕಲಂ 60ರ ಪ್ರಕಾರ ಈ ಸಾಮಾನು ಜಪ್ತಿಗಿ ಬರಲ್ಲ, ವಾಪಸ್ ಕೊಡಸ್ರಿ ಅಂತ. ಹರಾಜ್ ಆಗೂದರೊಳಗ ಹಾಕಬೇಕು. ವಕೀಲರಿಗಿ ರೊಕ್ಕ ಇಲ್ಲಾ? ಹೆಣ್ಮಕ್ಕಳಿಗಿ, ಪರಿಶಿಷ್ಟ ಜಾತಿ ಪಂಗಡದವರಿಗಿ ಆದಾಯ ಎಷ್ಟಿದ್ರೂ ಉಚಿತ ವಕೀಲ. ಕಲಬುರಗಿಯಾಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅದ, 15100ಕ್ಕ ಫೋನ್ ಹಚ್ಚಿದ್ರೂ ನಡೀತದ. ಲೋಕ ಅದಾಲತ್ತಿನಾಗ ಕಂತಿಗಿ ಕುಂದರಸಬಹುದು. ಆದ್ರ ಅಲ್ಲಿ ಆದ ರಾಜಿಗಿ ಅಪೀಲಿಲ್ಲ, ತಿಂಗಳಿಗಿ ಕಟ್ಟಾಕ ಆಗೂ ಅಂಕಿ ಇದ್ರೇ ಹೆಬ್ಬಟ್ಟು ಒತ್ತಬೇಕು. ಕೋರ್ಟೇ ಕಂತು ಮಾಡ್ಲಿ ಅಂದ್ರ ಡಿಕ್ರಿ ಆದ ಮ್ಯಾಲ ಸಾವಕಾರನೂ ಒಪ್ಪಬೇಕು. ಹುಲಿ ಕೂಡ ಕುರಿ ರಾಜಿ!

ಇನ್ನೊಂದು, ಇದಕ್ಕೇ ಭಾಳ ಮಂದಿ ಎರಡೆರಡು ಸಲ ಕಟ್ಟತಾರ. ಡಿಕ್ರಿ ಆದ ಮ್ಯಾಲ ಸಾವಕಾರನ ಕೈಗಿ ಕೊಟ್ಟ ರೊಕ್ಕ ಕೋರ್ಟಿನಾಗ ದಾಖಲಾಗದಿದ್ರ ಅಮಲ್ಜಾರಿ ಕೋರ್ಟ್ ಅದನ್ನ ಲೆಕ್ಕಕ್ಕೇ ಹಿಡಿಯಲ್ಲ. 30 ದಿನದೊಳಗ ಅರ್ಜಿ ಹಾಕಿ ದಾಖಲ ಮಾಡಸಬೇಕು, ಇಲ್ಲಾ ಕೋರ್ಟಿನಾಗೇ ಕಟ್ಟಬೇಕು.

ದಿವಾಳಿ ಅರ್ಜಿ ಹಾಕ್ರಿ ಅಂತ ಬೆಂಗಳೂರಿನವರು ಸಲಹಾ ಕೊಡ್ತಾರ. 2016ರ ದಿವಾಳಿ ಸಂಹಿತೆಯಾಗ ಬಡವರ ಸಾಲ ಮನ್ನಾ ಮಾಡೂ "ಹೊಸ ಆರಂಭ" ಅಂತ ಅಧ್ಯಾಯನೇ ಅದ. ಅದು ಜಾರಿಗಿ ಬಂದಿಲ್ಲ! ಕಂಪನಿ ಸಾಲಕ್ಕ ಜಾಮೀನು ನಿಂತವರಿಗಷ್ಟೇ 2019ರಾಗ ಬಾಗಿಲು ತಗದ್ರು. ನಮ್ಮ ದರ್ಜಿ ಅಕ್ಕಗ ಉಳಿದದ್ದು ಇಂಗ್ಲಿಷರು ಮಾಡಿದ 1920ರ ದಿವಾಳಿ ಕಾಯ್ದೆ.

2025ರಾಗ ಸಾಲ ವಸೂಲಿ ಕಿರುಕುಳ ತಡಿಯೂ ಸುಗ್ರೀವಾಜ್ಞೆ ಬಂತಲ್ರಿ, 10 ವರ್ಷ ಜೇಲು, 5 ಲಕ್ಷ ದಂಡ ಅಂತ ಪೇಪರಿನಾಗ ದಪ್ಪ ಅಕ್ಷರದಾಗ. ಆ ಪೇಪರಿನ ಮ್ಯಾಲೇ ಮುನೀಮ ಮಿರ್ಚಿ ಭಜಿ ತಿಂದಿರಬೇಕು.

ಕಲಂ ನಂಬರ್ ಬಾಯಿಪಾಠ ಇದ್ದ ನನ್ನಂಥ ಶಾಣ್ಯಾರು ಹೊತ್ತು ಮುಳುಗಿದ ಮ್ಯಾಲ ಹುಲಿ ಆಗ್ತೀವಿ. ಆಗಲಿ. ನಾಳಿ ಆಯ್ತಾರ, ಕೋರ್ಟ್ ಬಂದ್. ಸೋಮವಾರ ಹತ್ತೂವರಿ ತನಕ ಆ ಮಿಷಿನ್ ಯಾರ ತಾಬೇದಾಗ ಇರ್ತದ? ಪಂಚನಾಮಾ ಎಲ್ಲಿ? ಆಕಿ ಕೈಗಿ ಪಟ್ಟಿ ಯಾಕ ಕೊಡಲಿಲ್ಲ? ಅಮೀನ ಇರ್ಲಿ, ಮುನೀಮ ಇರ್ಲಿ, ನಿಂತು ನೋಡಿದವರಾಗ ಒಬ್ಬರರೆ ಇರ್ಲಿ, ಹೇಳ್ರಿ. ಆ ಕುಬಸ ಬುಧವಾರ ಕೊಡೂದಿತ್ತಂತ.