ಹಿಮದಲ್ಲಿ ರಮ್ ಮೈ ಬೆಚ್ಚಗಿಡುತ್ತದೆಯೇ? ಸತ್ಯಾಂಶ

ಡಿಸೆಂಬರ್ ಬಂತೆಂದರೆ ಟ್ರೆಕ್ಕಿಂಗ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತದೆ: 'ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟವರು ರಮ್ ಇಟ್ಟುಕೊಳ್ಳಿ, ಎರಡು ಗುಟುಕಿಗೆ ಚಳಿ ಓಡಿಹೋಗುತ್ತದೆ.' ಇದು ತಪ್ಪು.

ಬೆಚ್ಚಗಾದಂತೆ ಅನಿಸುವುದೇನೋ ನಿಜ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿರಕ್ತ ಅಲ್ಲಿಗೆ ಜಾಸ್ತಿ ಹರಿದು ಕೆನ್ನೆ ಕೆಂಪಾಗುತ್ತದೆ. ಆದರೆ ಆ ಬಿಸಿ ಹಾಗೇ ಗಾಳಿಗೆ ಸೋರಿಹೋಗುತ್ತದೆ. ದೇಹದ ಒಳಗಿನ ಶಾಖ ಇಳಿಯುತ್ತದೆ. ಕಿಟಕಿ ತೆರೆದಿಟ್ಟು ಒಲೆ ಉರಿಸಿದ ಹಾಗೆ, ಅಲ್ವಾ? ಜೊತೆಗೆ ನಡುಕವೂ ಕಡಿಮೆಯಾಗುತ್ತದೆ. ನಡುಕವೆಂದರೆ ದೇಹ ತಾನೇ ಬಿಸಿ ಹುಟ್ಟಿಸುವ ದಾರಿ. 3,000 ಮೀಟರ್ ಮೇಲಿನ ಟೆಂಟಿನಲ್ಲಿ ಕುಡಿದು ಮಲಗಿದರೆ ಉಸಿರಾಟವೂ ಮಂದವಾಗುತ್ತದೆ.

ಋಷಿಕೇಶದ ರಾಫ್ಟಿಂಗ್‌ನಲ್ಲಿ ನೆನೆದವರಿಗೂ ಇದೇ ಮಾತು. ಮೊದಲು ಒದ್ದೆ ಬಟ್ಟೆ ಬದಲಿಸಿ. ಆಮೇಲೆ ಬಿಸಿ ಚಹಾ, ಸಕ್ಕರೆ ಸ್ವಲ್ಪ ಜಾಸ್ತಿಯೇ ಇರಲಿ.